ಹಳೇ ಕಾಲದ ಅಮೆರಿಕನ್ ರೇಸ್ ಡ್ರೈವರ್ ಒಬ್ಬನ ಕಥೆ ಜೋಡಿಸುವುದು ಹೇಗೆ

ಅಮೆರಿಕದ ಇಂಡಿಯಾನಾಪೊಲಿಸ್ 500 ಅನ್ನುವ 500 ಮೈಲಿಯ ಕಾರ್ ರೇಸಿನ 1912ರ ಫಲಿತಾಂಶ ತೆಗೆದು ನೋಡಿ. ಹನ್ನೊಂದನೇ ಸಾಲಿನಲ್ಲಿ ರಾಲ್ಫ್ ಡಿ ಪಾಲ್ಮಾ ಅಂತ ಒಂದು ಹೆಸರಿದೆ. ಮರ್ಸಿಡಿಸ್ ಕಾರು, ನಂಬರ್ 4, ಮುಗಿಸಿದ್ದು 198 ಸುತ್ತು. ಇಷ್ಟನ್ನೇ ಓದಿದರೆ ಯಾರೋ ಹಿಂದೆ ಉಳಿದುಬಿಟ್ಟ ಡ್ರೈವರ್ ಅನ್ನಿಸುತ್ತದೆ. ಆದರೆ ಅವತ್ತಿನ 200 ಸುತ್ತಿನಲ್ಲಿ 196 ಸುತ್ತು ಎಲ್ಲರಿಗಿಂತ ಮುಂದೆ ಓಡಿದ್ದು ಇವನೇ.

ನಾನು ಆ ಕಾಲದ ಡ್ರೈವರುಗಳ ರೇಸುಗಳನ್ನು ಒಂದೊಂದಾಗಿ ಹುಡುಕಿ ಜೋಡಿಸುತ್ತಾ ಬಂದಿದ್ದೇನೆ. ಗೆಲುವಿನ ಪಟ್ಟಿ ನಕಲು ಮಾಡುವುದಾದರೆ ಒಂದು ಸಂಜೆಯ ಕೆಲಸ. ಅದರಲ್ಲಿ ಆ ಮನುಷ್ಯ ಹೇಗೆ ಓಡಿಸುತ್ತಿದ್ದ ಅನ್ನುವುದು ಸಿಗುವುದಿಲ್ಲ. ಅವನು ಎಲ್ಲಿ ನಿಂತ, ಯಾಕೆ ನಿಂತ, ನಿಲ್ಲುವ ಮುಂಚೆ ಎಷ್ಟನೇ ಜಾಗದಲ್ಲಿದ್ದ ಅಂತ ಗೊತ್ತಾದಾಗ ಸಿಗುತ್ತದೆ. ಆ ಕೆಲಸ ಹೇಗೆ ಮಾಡಬೇಕು ಅಂತ ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಡಿ ಪಾಲ್ಮಾನನ್ನೇ ಇಟ್ಟುಕೊಳ್ಳುತ್ತೇನೆ. ಅವನ ಮೇಲೆ ನನಗೆ ತುಂಬಾ ಪ್ರೀತಿ, ಅದನ್ನು ಮುಚ್ಚಿಡುವುದಿಲ್ಲ.

ಹೆಸರಿನಿಂದ ಶುರು ಮಾಡಿ

ಡಿ ಪಾಲ್ಮಾ ಹುಟ್ಟಿದ್ದು 1882ರ ಡಿಸೆಂಬರಿನಲ್ಲಿ, ಇಟಲಿಯ ಅಪುಲಿಯಾ ಪ್ರದೇಶದ ಬಿಕ್ಕಾರಿ ಊರಿನಲ್ಲಿ. ಅವನ ಮನೆಯವರು ಅಮೆರಿಕಕ್ಕೆ ಬಂದದ್ದು 1892ರಲ್ಲಿ. ಇಟಲಿಯಲ್ಲಿ ಇಟ್ಟ ಹೆಸರು ರಫಾಯೆಲೆ. ಅಮೆರಿಕದಲ್ಲಿ ರಾಲ್ಫ್ ಆಯಿತು. ಮನೆತನದ ಹೆಸರನ್ನು ಪತ್ರಿಕೆಯವರು ಕೆಲವು ಸಲ ಕೂಡಿಸಿ ಬರೆದರು, ಕೆಲವು ಸಲ ಬಿಡಿಸಿ ಬರೆದರು. ಹಳೇ ಪೇಪರುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದ ಓದಿಸಿರುವಾಗ ಅಕ್ಷರಗಳು ಇನ್ನೂ ಕೆಟ್ಟಿರುತ್ತವೆ. ಹಾಗಾಗಿ ಹೆಸರೊಂದನ್ನೇ ಹಾಕಿ ಹುಡುಕಿದರೆ ಅರ್ಧ ಸುದ್ದಿ ಕೈ ತಪ್ಪಿ ಹೋಗುತ್ತದೆ.

ಕಾರಿನ ಹೆಸರು, ರೇಸು ನಡೆದ ಊರು, ತಾರೀಖು ಈ ಮೂರನ್ನು ಹಾಕಿ ಹುಡುಕಿ. ಮರ್ಸಿಡಿಸ್, ಸಾಂಟಾ ಮೋನಿಕಾ, 1914ರ ಫೆಬ್ರವರಿ ಅಂತ ಹುಡುಕಿದರೆ ಡ್ರೈವರಿನ ಹೆಸರು ಎಷ್ಟೇ ಕೆಟ್ಟಿದ್ದರೂ ಸುದ್ದಿ ಸಿಗುತ್ತದೆ. ಅವನ ಜೊತೆ ಓಡಿದವರ ಹೆಸರಿನಿಂದಲೂ ಹುಡುಕಿ. ಓಲ್ಡ್‌ಫೀಲ್ಡ್ ಅನ್ನುವ ಹೆಸರು ಎಂಥ ಸ್ಕ್ಯಾನ್‌ನಲ್ಲೂ ಬೇಗ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ವಿಷಯ. ಮನೆಯಲ್ಲಿ ಬೇರೆ ಯಾರು ರೇಸ್ ಓಡಿಸಿದರು ಅಂತ ಮೊದಲೇ ನೋಡಿಕೊಳ್ಳಿ. ರಾಲ್ಫನ ತಮ್ಮ ಜಾನ್ 1915ರ ಇಂಡಿಯಾನಾಪೊಲಿಸ್ ರೇಸಿನಲ್ಲಿ ಓಡಿದ. ಅದೇ ರೇಸನ್ನು ರಾಲ್ಫ್ ಗೆದ್ದ. ಅಕ್ಕನ ಮಗ ಪೀಟರ್ ಡಿ ಪಾವ್ಲೊ ಮೊದಲು ಮಾವನ ಕಾರಿನಲ್ಲೇ ಮೆಕ್ಯಾನಿಕ್ ಆಗಿ ಕೂತ. ಆಮೇಲೆ 1925ರಲ್ಲಿ ತಾನೇ ಇಂಡಿಯಾನಾಪೊಲಿಸ್ ಗೆದ್ದ. ಬರೀ ಮನೆತನದ ಹೆಸರು ಹಾಕಿರುವ ಒಂದು ಸಾಲಿನ ಸುದ್ದಿ ಸಿಕ್ಕಿದರೆ ಯಾರ ಲೆಕ್ಕಕ್ಕೂ ಸೇರಿಸಬೇಡಿ. ಕಾರು ಯಾವುದು ಅಂತ ತಿಳಿಯುವ ತನಕ ಬದಿಗೆ ಇಡಿ.

ಹುಟ್ಟಿದ ದಿನ, ಊರು, ವಲಸೆ ಬಂದ ವರ್ಷ ಇವಕ್ಕೆ ಜನಗಣತಿಯ ಹಾಳೆ, ಹಡಗಿನ ಪ್ರಯಾಣಿಕರ ಪಟ್ಟಿ, ಮೊದಲ ಮಹಾಯುದ್ಧದ ಸೈನ್ಯದ ನೋಂದಣಿ ಕಾರ್ಡು ಸಿಗುತ್ತವೆ. 1890ರ ಜನಗಣತಿ ಮಾತ್ರ ಹುಡುಕಲು ಹೋಗಬೇಡಿ. ಅದರ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾಯಿತು. 1870ರ ದಶಕದ ಕೊನೆಯಲ್ಲಿ ಹುಟ್ಟಿದ ಬಾರ್ನಿ ಓಲ್ಡ್‌ಫೀಲ್ಡ್, ರೇ ಹ್ಯಾರೂನ್ ಇಂಥ ಡ್ರೈವರುಗಳ ಬಾಲ್ಯಕ್ಕೆ ಬರುವಾಗ ಆ ಖಾಲಿ ಜಾಗ ತೊಂದರೆ ಕೊಡುತ್ತದೆ.

ಒಂದು ರೇಸಿಗೆ ಒಂದು ಸಾಲು

ಬರೆಯುವ ಮುಂಚೆ ಒಂದು ಪಟ್ಟಿ ಮಾಡಿಕೊಳ್ಳಿ. ನಾನು ಕಾಗದದ ಮೇಲೆ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ಮಾಡಿದರೂ ಸರಿ. ಪ್ರತಿ ರೇಸಿಗೆ ಒಂದು ಸಾಲು. ತಾರೀಖು, ಊರು, ಎಷ್ಟು ಮೈಲಿ, ನೆಲ ಎಂಥದು, ಕಾರು, ಎಂಜಿನ್ ಅಳತೆ, ಕಾರಿನ ಮಾಲೀಕ, ಪಕ್ಕದಲ್ಲಿ ಕೂತ ಮೆಕ್ಯಾನಿಕ್, ಮುಗಿಸಿದ ಜಾಗ, ಮುಂದೆ ಇದ್ದ ಸುತ್ತುಗಳು, ನಿಂತ ಕಾರಣ. ಈ ಕೊನೆಯ ಎರಡು ಅಂಕಣ ತುಂಬಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಇಡೀ ಕಥೆ ಇರುವುದೂ ಅಲ್ಲೇ.

ಡಿ ಪಾಲ್ಮಾ ಇಂಡಿಯಾನಾಪೊಲಿಸ್ 500ರಲ್ಲಿ ಆರು ವರ್ಷ ಮುಂದೆ ಓಡಿದ್ದಾನೆ. ಆ ಸಾಲುಗಳನ್ನು ತುಂಬಿದರೆ ಹೀಗೆ ಬರುತ್ತದೆ. 1911ರಲ್ಲಿ 4 ಸುತ್ತು ಮುಂದೆ, ಮುಗಿಸಿದ್ದು 6ನೇ ಜಾಗ. 1912ರಲ್ಲಿ 196 ಸುತ್ತು, 11ನೇ ಜಾಗ. 1915ರಲ್ಲಿ 132 ಸುತ್ತು, ಗೆಲುವು. 1919ರಲ್ಲಿ 93 ಸುತ್ತು, 6ನೇ ಜಾಗ. 1920ರಲ್ಲಿ 79 ಸುತ್ತು, 5ನೇ ಜಾಗ. 1921ರಲ್ಲಿ 108 ಸುತ್ತು, 12ನೇ ಜಾಗ. ಕೂಡಿಸಿ ನೋಡಿ, 612 ಆಗುತ್ತದೆ. ಈ ದಾಖಲೆಯನ್ನು ಆಲ್ ಅನ್ಸರ್ ಅನ್ನುವ ಡ್ರೈವರ್ ದಾಟಿದ್ದು 1987ರಲ್ಲಿ. ಅಷ್ಟು ವರ್ಷ ಯಾರೂ ಮುಟ್ಟದ ಲೆಕ್ಕ ಇದು. ಆದರೆ ಗೆಲುವಿನ ಅಂಕಣದಲ್ಲಿ ಇರುವುದು ಒಂದೇ ಒಂದು.

ಈಗ ನಿಂತ ಕಾರಣ ನೋಡಿ. 1912ರಲ್ಲಿ ಕನೆಕ್ಟಿಂಗ್ ರಾಡ್, ಅಂದರೆ ಎಂಜಿನ್ ಒಳಗೆ ಪಿಸ್ಟನ್ನಿಗೆ ಜೋಡಿಸಿದ ಸರಳು, ಮುರಿಯಿತು. 1920ರಲ್ಲಿ ಬ್ಯಾಲೊ ಕಾರಿನ ಮ್ಯಾಗ್ನೆಟೋ, ಅಂದರೆ ಎಂಜಿನ್ನಿಗೆ ಕಿಡಿ ಕೊಡುವ ಯಂತ್ರ, ಕೈಕೊಟ್ಟಿತು, ಅದೂ ಕೊನೆಯ ಹದಿನೈದು ಸುತ್ತಿನ ಒಳಗೆ. 1921ರಲ್ಲಿ 112 ಸುತ್ತು ಆಗಿ ಮತ್ತೆ ಕನೆಕ್ಟಿಂಗ್ ರಾಡ್. ಗೆದ್ದ 1915ರಲ್ಲೂ ಕೊನೆಗೆ ರಾಡ್ ಮುರಿದಿತ್ತು. ಮೂರೇ ಸಿಲಿಂಡರಿನಲ್ಲಿ ಕಾರನ್ನು ಗೆರೆ ದಾಟಿಸಿದ. ಸರಾಸರಿ ವೇಗ ಗಂಟೆಗೆ 89.84 ಮೈಲಿ. ಆ ವೇಗ ಅಲ್ಲಿಗೆ ದಾಖಲೆ. ಈ ನಾಲ್ಕು ಸಾಲು ಪಕ್ಕ ಪಕ್ಕ ಇಟ್ಟಾಗ ಅವನು ಎಂಥ ಡ್ರೈವರ್ ಅಂತ ಕಾಣಲು ಶುರುವಾಗುತ್ತದೆ. ಎಂಜಿನ್ನಿನಿಂದ ಕೊನೆಯ ಹನಿ ವೇಗ ತೆಗೆಯುವ ಡ್ರೈವರ್. ಎಂಜಿನ್ ಅದನ್ನು ಎಷ್ಟು ಹೊತ್ತು ತಾಳಿಕೊಂಡಿತು ಅನ್ನುವುದೇ ಅವನ ಫಲಿತಾಂಶ.

ನೆಲದ ಅಂಕಣವನ್ನು ಬಿಡಬೇಡಿ. ಆ ಕಾಲದಲ್ಲಿ ಒಬ್ಬನೇ ಡ್ರೈವರ್ ಕುದುರೆ ರೇಸಿನ ಮಣ್ಣಿನ ಟ್ರ್ಯಾಕ್, ಊರಿನ ರಸ್ತೆ, ಇಟ್ಟಿಗೆ ಟ್ರ್ಯಾಕ್, ಮರದ ಹಲಗೆ ಟ್ರ್ಯಾಕ್, ಸಮುದ್ರದ ಮರಳು ಎಲ್ಲದರ ಮೇಲೂ ಓಡಿಸುತ್ತಿದ್ದ. ಇಂಡಿಯಾನಾಪೊಲಿಸ್‌ನ ಎರಡೂವರೆ ಮೈಲಿ ಟ್ರ್ಯಾಕ್ 1909ರಲ್ಲಿ ಶುರುವಾದಾಗ ಜಲ್ಲಿ ಮತ್ತು ಟಾರು. ಅದು ಕಿತ್ತುಹೋಗಿ ಜನ ಸತ್ತ ಮೇಲೆ ಅದೇ ವರ್ಷ 32 ಲಕ್ಷ ಇಟ್ಟಿಗೆ ಹಾಸಿದರು. ಹಲಗೆ ಟ್ರ್ಯಾಕ್ ಲಾಸ್ ಏಂಜಲೀಸ್ ಹತ್ತಿರದ ಪ್ಲಾಯಾ ಡೆಲ್ ರೇಯಲ್ಲಿ 1910ರಲ್ಲಿ ಬಂತು. ಬೇರೆ ಬೇರೆ ನೆಲದ ವೇಗಗಳನ್ನು ಹೋಲಿಸಿ ಯಾರು ಜೋರು ಅಂತ ಹೇಳಲು ಆಗುವುದಿಲ್ಲ.

ಆ ವಾರದ ಪತ್ರಿಕೆ

ರೇಸು ನಡೆದ ದಿನಕ್ಕೆ ಹತ್ತಿರದ ಬರಹಕ್ಕೆ ಮೊದಲ ಜಾಗ ಕೊಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೇ ದಿನಪತ್ರಿಕೆಗಳನ್ನು ಕ್ರಾನಿಕ್ಲಿಂಗ್ ಅಮೆರಿಕ ಅನ್ನುವ ಹೆಸರಿನಲ್ಲಿ ಪುಕ್ಕಟೆ ಓದಲು ಇಟ್ಟಿದೆ. ಕ್ಯಾಲಿಫೋರ್ನಿಯಾ, ಇಂಡಿಯಾನಾ ರಾಜ್ಯಗಳಿಗೆ ಅವುಗಳದೇ ಪತ್ರಿಕಾ ಸಂಗ್ರಹಗಳಿವೆ. ದಿ ಹಾರ್ಸ್‌ಲೆಸ್ ಏಜ್, ಮೋಟರ್ ಏಜ್, ದಿ ಆಟೋಮೊಬೈಲ್ ಈ ವಾರಪತ್ರಿಕೆಗಳು ಇಂಟರ್ನೆಟ್ ಆರ್ಕೈವ್ ಮತ್ತು ಹಾಥಿ ಟ್ರಸ್ಟ್‌ನಲ್ಲಿ ಇವೆ.

ದಿನಪತ್ರಿಕೆಯಲ್ಲಿ ಜನರ ಗದ್ದಲ, ಹವೆ, ಅಪಘಾತ, ಡ್ರೈವರಿನ ಮುಖ ಸಿಗುತ್ತದೆ. ವಾರಪತ್ರಿಕೆಯಲ್ಲಿ ಎಂಜಿನ್ನಿಗೆ ಏನಾಯಿತು, ಟೈರ್ ಎಷ್ಟು ಸಲ ಬದಲಾಯಿಸಿದರು, ಯಾವ ಸುತ್ತಿಗೆ ಯಾರು ಎಲ್ಲಿದ್ದರು ಅನ್ನುವುದು ಸಿಗುತ್ತದೆ. ಎರಡೂ ಬೇಕು. ಒಂದನ್ನೇ ನಂಬಿದರೆ ಬರಹ ವಾಲುತ್ತದೆ.

ಒಂದು ಎಚ್ಚರ. ಐವತ್ತು ಊರಿನ ಪತ್ರಿಕೆಗಳಲ್ಲಿ ಒಂದೇ ಸುದ್ದಿ ಕಂಡರೆ ಐವತ್ತು ಸಾಕ್ಷಿ ಸಿಕ್ಕಿತು ಅಂದುಕೊಳ್ಳಬೇಡಿ. ಟೆಲಿಗ್ರಾಫ್‌ನಲ್ಲಿ ಬಂದ ಒಂದೇ ವರದಿಯನ್ನು ಎಲ್ಲರೂ ಅಚ್ಚು ಹಾಕುತ್ತಿದ್ದರು. ಮೊದಲ ಎರಡು ವಾಕ್ಯ ಹೋಲಿಸಿ ನೋಡಿ, ಒಂದೇ ಆಗಿದ್ದರೆ ಅದು ಒಬ್ಬನೇ ವರದಿಗಾರನ ಕಣ್ಣು. ರೇಸು ನಡೆದ ಊರಿನದೇ ಪತ್ರಿಕೆ ಸಿಕ್ಕಿದರೆ ಅದನ್ನು ಬೇರೆಯಾಗಿ ಓದಿ.

ತಾರೀಖನ್ನೂ ನೋಡಿಕೊಳ್ಳಿ. 1915ರ ಇಂಡಿಯಾನಾಪೊಲಿಸ್ ರೇಸು ಮೇ 29ರ ಶನಿವಾರ ನಡೆಯಬೇಕಿತ್ತು. ಮಳೆಯಿಂದ ಸೋಮವಾರ 31ಕ್ಕೆ ಹೋಯಿತು. ಮುಂಚೆಯೇ ಅಚ್ಚಾದ ಜಾಹೀರಾತಿನ ತಾರೀಖನ್ನು ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ.

ಫಲಿತಾಂಶವೇ ಜಗಳದಲ್ಲಿ ಇರುವ ರೇಸುಗಳೂ ಇವೆ. 1911ರ ಮೊದಲ 500ರಲ್ಲಿ 40 ಕಾರು ಓಡಿದವು. ನಡುವೆ ತೀರ್ಪುಗಾರರ ಕಟ್ಟೆಯ ಹತ್ತಿರ ಅಪಘಾತ ಆಯಿತು. ಸುತ್ತು ಎಣಿಸುವವರು ದಿಕ್ಕಾಪಾಲಾದರು. ಕೊನೆಗೆ ಮಾರ್ಮನ್ ಕಾರಿನ ರೇ ಹ್ಯಾರೂನ್ ಗೆದ್ದ ಅಂತ ತೀರ್ಮಾನ ಆಯಿತು. ಸಮಯ 6 ಗಂಟೆ 42 ನಿಮಿಷ 8 ಸೆಕೆಂಡ್. ಲೋಜಿಯರ್ ಕಾರಿನ ರಾಲ್ಫ್ ಮಲ್ಫರ್ಡ್ ಎರಡನೆಯವನಾದ. ಮಲ್ಫರ್ಡನೇ ಗೆದ್ದ ಅನ್ನುವವರು ಇವತ್ತಿಗೂ ಇದ್ದಾರೆ. ಇಂಥ ಕಡೆ ನೀವು ನ್ಯಾಯಾಧೀಶ ಆಗಬೇಕಾಗಿಲ್ಲ. ಅಧಿಕೃತ ಫಲಿತಾಂಶ ಇದು, ಜಗಳ ಬಂದದ್ದು ಈ ಕಾರಣಕ್ಕೆ ಅಂತ ಎರಡನ್ನೂ ಬರೆದರೆ ಓದುವವರಿಗೆ ಸಾಕು.

1912ರ ಮೇ 30: ಒಂದು ಸಾಲನ್ನು ಬಿಡಿಸುವುದು

ಶುರುವಿನಲ್ಲಿ ಹೇಳಿದ ಹನ್ನೊಂದನೇ ಸಾಲನ್ನು ಈಗ ಬಿಡಿಸೋಣ. ಕೆಲಸ ಮಾಡುವ ರೀತಿ ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲ ಪ್ರಶ್ನೆ, ಯಾವಾಗ ಮುಂದೆ ಬಂದ? ಮೊದಲ ಎರಡು ಸುತ್ತು ಫಿಯಟ್ ಕಾರಿನ ಟೆಡ್ಡಿ ಟೆಟ್ಜ್‌ಲಾಫ್ ಮುಂದಿದ್ದ. 3ನೇ ಸುತ್ತಿಗೆ ಡಿ ಪಾಲ್ಮಾ ಮುಂದೆ ಬಂದ. ಅಲ್ಲಿಂದ 198ರ ತನಕ ಬಿಡಲಿಲ್ಲ. ಕೊನೆಗೆ ಎರಡನೆಯವನಿಗಿಂತ ಸುಮಾರು ಐದು ಸುತ್ತು ಮುಂದಿದ್ದ. ಒಂದು ಸುತ್ತು ಎರಡೂವರೆ ಮೈಲಿ. ಅಂದರೆ ಹನ್ನೆರಡು ಮೈಲಿಗೂ ಜಾಸ್ತಿ ಅಂತರ.

ಎರಡನೇ ಪ್ರಶ್ನೆ, ನಿಂತದ್ದು ಒಮ್ಮೆಗೇನಾ? ಇಲ್ಲ. ಕೊನೆಯ ಕೆಲವು ಸುತ್ತಿನಲ್ಲಿ ಎಂಜಿನ್ ಸದ್ದು ಕೆಟ್ಟಿತು, ವೇಗ ಇಳಿಯುತ್ತಾ ಬಂತು. ಕನೆಕ್ಟಿಂಗ್ ರಾಡ್ ಮುರಿದು 199ನೇ ಸುತ್ತಿನಲ್ಲಿ ಕಾರು ನಿಂತಿತು. ಡಿ ಪಾಲ್ಮಾ ಮತ್ತು ಅವನ ಮೆಕ್ಯಾನಿಕ್ ರೂಪರ್ಟ್ ಜೆಫ್‌ಕಿನ್ಸ್ ಕೆಳಗಿಳಿದು ಕಾರನ್ನು ತಳ್ಳಿದರು. ಜೆಫ್‌ಕಿನ್ಸ್ ಆಸ್ಟ್ರೇಲಿಯಾದವನು. ಅವರಿಬ್ಬರು ತಳ್ಳುತ್ತಿರುವಾಗಲೇ ನ್ಯಾಷನಲ್ ಕಾರಿನ ಜೋ ಡಾಸನ್ ಕಳೆದುಹೋದ ಸುತ್ತುಗಳನ್ನು ತುಂಬಿಕೊಂಡು ಮುಂದೆ ಹೋದ. ಡಾಸನ್ ಇಡೀ ರೇಸಿನಲ್ಲಿ ಮುಂದಿದ್ದದ್ದು ಕೊನೆಯ ಎರಡೇ ಸುತ್ತು. 6 ಗಂಟೆ 21 ನಿಮಿಷ 6 ಸೆಕೆಂಡಿನಲ್ಲಿ ಮುಗಿಸಿ ಗೆದ್ದ. ಅವನನ್ನೂ ಕಡಿಮೆ ಮಾಡಿ ಬರೆಯಬೇಡಿ. ಆರು ಗಂಟೆ ಕಾಲ ಕಾರನ್ನು ಉಳಿಸಿಕೊಂಡು ಬಂದವನು ಅವನು.

ಮೂರನೇ ಪ್ರಶ್ನೆ, 198 ಸುತ್ತು ಓಡಿದವನು ಹನ್ನೊಂದನೆಯವನು ಹೇಗಾದ? ನಿಯಮ ಓದದಿದ್ದರೆ ಇದು ಅರ್ಥವೇ ಆಗಲ್ಲ. ಮೊದಲ ಹತ್ತು ಜನಕ್ಕೆ ಬಹುಮಾನ ಇತ್ತು, ಆದರೆ ಪೂರ್ತಿ 500 ಮೈಲಿ ಓಡಿಯೇ ತೆಗೆದುಕೊಳ್ಳಬೇಕಿತ್ತು. ಹತ್ತನೇ ಬಹುಮಾನಕ್ಕಾಗಿ ರಾಲ್ಫ್ ಮಲ್ಫರ್ಡ್ ಬೇರೆಲ್ಲರೂ ಮುಗಿಸಿ ಹೋದ ಮೇಲೂ ಓಡಿಸುತ್ತಲೇ ಇದ್ದ. ಅವನ ಸಮಯ 8 ಗಂಟೆ 53 ನಿಮಿಷ. ಸರಾಸರಿ ಗಂಟೆಗೆ 56 ಮೈಲಿ ಚಿಲ್ಲರೆ. ಹೀಗೆ ಗೆದ್ದವನಿಗಿಂತ ಎರಡೂವರೆ ಗಂಟೆ ತಡವಾಗಿ ಬಂದವನು ಹತ್ತನೆಯವನಾದ. ಇಡೀ ದಿನ ಮುಂದಿದ್ದವನು ಅವನ ಕೆಳಗೆ ಹೋದ. ಮಲ್ಫರ್ಡ್ ನಡುವೆ ನಿಲ್ಲಿಸಿ ಕೋಳಿ ತಿಂದ ಅಂತ ಒಂದು ಕಥೆ ಓಡಾಡುತ್ತದೆ. ಚೆಂದದ ಕಥೆಯೇ. ಆದರೆ ಅಧಿಕೃತ ದಾಖಲೆಯಲ್ಲಿ ಇರುವುದು ಸಮಯ ಮಾತ್ರ. ಕೋಳಿಯನ್ನು ಹೇಳುವುದಾದರೆ ಕಥೆ ಅಂತಲೇ ಹೇಳಿ.

ಇಷ್ಟೆಲ್ಲ ಒಂದೇ ಸಾಲಿನ ಒಳಗಿತ್ತು. ನಿಮ್ಮ ಡ್ರೈವರಿನ ಎಲ್ಲ ಸಾಲುಗಳನ್ನೂ ಇಷ್ಟು ಬಿಡಿಸಬೇಕಾಗಿಲ್ಲ. ಮುಂದಿದ್ದು ಸೋತ ರೇಸುಗಳನ್ನು ಮಾತ್ರ ಬಿಡಬೇಡಿ.

ನಿಯಮ ಗೊತ್ತಿಲ್ಲದೆ ಹೋಲಿಸಬೇಡಿ

ಎಂಜಿನ್ ಅಳತೆಯ ಮಿತಿ ಬದಲಾಗುತ್ತಾ ಹೋಯಿತು. ಇಂಡಿಯಾನಾಪೊಲಿಸ್‌ನಲ್ಲಿ 1911ರಲ್ಲಿ 600 ಘನ ಇಂಚು, ಅಂದರೆ ಹತ್ತಿರ ಹತ್ತಿರ 9.8 ಲೀಟರ್. 1913ಕ್ಕೆ 450 ಆಯಿತು, 1915ಕ್ಕೆ 300. 1920ಕ್ಕೆ 183, ಅಂದರೆ ಬರೀ 3 ಲೀಟರ್. ಡಿ ಪಾಲ್ಮಾ 1915ರಲ್ಲಿ ಗೆದ್ದ ಎಂಜಿನ್ 1911ರ ಮಿತಿಯ ಅರ್ಧದಷ್ಟೂ ಇರಲಿಲ್ಲ. ಆದರೂ 1911ರ ವೇಗಕ್ಕಿಂತ ಗಂಟೆಗೆ 15 ಮೈಲಿ ಜಾಸ್ತಿ ಓಡಿತು. ಬಾಲ್ಯದಲ್ಲಿದ್ದ ಎಂಜಿನ್ ವಿದ್ಯೆ ನಾಲ್ಕೇ ವರ್ಷದಲ್ಲಿ ಎಷ್ಟು ಬೆಳೆಯಿತು ಅನ್ನುವುದು ಇಲ್ಲಿ ಕಾಣುತ್ತದೆ.

ಪಕ್ಕದಲ್ಲಿ ಕೂರುವ ಮೆಕ್ಯಾನಿಕ್ ಸುಮ್ನೆ ಕೂತಿರಲಿಲ್ಲ. ಕೈಯಿಂದ ಇಂಧನದ ಒತ್ತಡ ಪಂಪ್ ಮಾಡುತ್ತಿದ್ದ, ಟೈರ್ ನೋಡುತ್ತಿದ್ದ, ಹಿಂದಿನಿಂದ ಯಾರು ಬರುತ್ತಿದ್ದಾರೆ ಅಂತ ಹೇಳುತ್ತಿದ್ದ. 1911ರಲ್ಲಿ ಹ್ಯಾರೂನ್ ಒಬ್ಬನೇ ಕೂತು, ಹಿಂದೆ ನೋಡಲು ಕನ್ನಡಿ ಹಾಕಿಕೊಂಡು ಓಡಿಸಿದ. ಮುಂದಿನ ವರ್ಷದಿಂದ ಮೆಕ್ಯಾನಿಕ್ ಕಡ್ಡಾಯ ಆಯಿತು, 1922ರ ತನಕ ಹಾಗೇ ಇತ್ತು. ಆ ಹುಡುಗರ ಹೆಸರನ್ನು ದಯವಿಟ್ಟು ಬರೆಯಿರಿ. 1915ರಲ್ಲಿ ಡಿ ಪಾಲ್ಮಾ ಪಕ್ಕ ಕೂತವನು ಲೂಯಿ ಫಾಂಟೇನ್. ಡ್ರೈವರಿನಷ್ಟೇ ಅಪಾಯ ಅವರಿಗೂ ಇತ್ತು. 1911ರ ರೇಸಿನಲ್ಲಿ ಸತ್ತದ್ದು ಸ್ಯಾಮ್ ಡಿಕ್ಸನ್ ಅನ್ನುವ ಮೆಕ್ಯಾನಿಕ್.

ನಡುವೆ ಡ್ರೈವರ್ ಬದಲಾಗುವುದೂ ಇತ್ತು. ಹ್ಯಾರೂನ್ ಗೆದ್ದ ಕಾರನ್ನು ಸ್ವಲ್ಪ ಹೊತ್ತು ಸೈರಸ್ ಪ್ಯಾಟ್ಶ್ಕೆ ಓಡಿಸಿದ. ಡಾಸನ್ ಕಾರನ್ನು ಡಾನ್ ಹೆರ್ ಓಡಿಸಿದ. ಇದರಿಂದ ಪಾಯಿಂಟುಗಳ ಲೆಕ್ಕವೂ ಕೆಡುತ್ತಿತ್ತು. 1916ರಲ್ಲಿ ಸಾಂಟಾ ಮೋನಿಕಾದ ಗ್ರ್ಯಾಂಡ್ ಪ್ರೈಜ್ ರೇಸಿನಲ್ಲಿ ಜಾನಿ ಐಟ್ಕೆನ್ ತನ್ನ ಕಾರು ಕೆಟ್ಟ ಮೇಲೆ ಹೌಡಿ ವಿಲ್ಕಾಕ್ಸ್‌ನ ಕಾರು ಹತ್ತಿ ಗೆಲ್ಲಿಸಿದ. ಗೆಲುವಿನಲ್ಲಿ ಇಬ್ಬರ ಹೆಸರೂ ಇದೆ. ಪಾಯಿಂಟ್ ಮಾತ್ರ ಐಟ್ಕೆನ್‌ಗೆ ಸಿಗಲಿಲ್ಲ. ಆ ವರ್ಷದ ಪಟ್ಟ ಡಾರಿಯೊ ರೆಸ್ಟಾಗೆ ಹೋಯಿತು.

ಚಾಂಪಿಯನ್ ಪಟ್ಟ ಯಾವಾಗ ಕೊಟ್ಟದ್ದು ಅಂತ ಕೇಳಿ

ಡಿ ಪಾಲ್ಮಾ 1912 ಮತ್ತು 1914ರ ರಾಷ್ಟ್ರೀಯ ಚಾಂಪಿಯನ್ ಅಂತ ಎಲ್ಲ ಕಡೆ ಓದುತ್ತೀರಿ. ಆದರೆ 1912ರ ಪತ್ರಿಕೆಯಲ್ಲಿ ಎಷ್ಟು ಹುಡುಕಿದರೂ ಅಂಥ ಪಾಯಿಂಟ್ ಪಟ್ಟಿ ಸಿಗುವುದಿಲ್ಲ. ಯಾಕಂದರೆ ಇರಲಿಲ್ಲ. ರೇಸುಗಳಿಗೆ ಮಂಜೂರಾತಿ ಕೊಡುತ್ತಿದ್ದದ್ದು ಅಮೆರಿಕನ್ ಆಟೋಮೊಬೈಲ್ ಅಸೋಸಿಯೇಷನ್, ಚಿಕ್ಕದಾಗಿ ಎಎಎ. ಅದು 1905ರಲ್ಲಿ ಒಮ್ಮೆ ಪಾಯಿಂಟ್ ಪದ್ಧತಿ ಮಾಡಿ ಬಿಟ್ಟಿತು. ಆಮೇಲೆ 1916ರಲ್ಲಿ ಮಾಡಿತು, ಮತ್ತೆ 1920ರಿಂದ ಸತತವಾಗಿ ನಡೆಸಿತು. ನಡುವಿನ ವರ್ಷಗಳ ಪಟ್ಟಗಳನ್ನು 1920ರ ದಶಕದಲ್ಲಿ ಹಳೇ ಫಲಿತಾಂಶ ಮುಂದಿಟ್ಟುಕೊಂಡು ಲೆಕ್ಕ ಹಾಕಿ ಕೊಟ್ಟರು. 1950ರ ದಶಕದ ಶುರುವಿನಲ್ಲಿ ಆ ಲೆಕ್ಕವನ್ನು ಮತ್ತೆ ತಿದ್ದಿದರು.

ಹಾಗಾಗಿ ಬರೆಯುವಾಗ, ಆ ವರ್ಷ ಅವನು ಪಟ್ಟಕ್ಕಾಗಿ ಓಡಿದ ಅಂತ ಬರೆಯಬೇಡಿ. ಅವನಿಗೆ ಆ ಪಟ್ಟದ ವಿಷಯವೇ ಗೊತ್ತಿರಲಿಲ್ಲ. ಅವನು ಓಡಿದ್ದು ಆ ದಿನದ ಬಹುಮಾನಕ್ಕೆ, ಕಪ್ಪಿಗೆ, ಕಾರಿನ ಮಾಲೀಕನ ಹೆಸರಿಗೆ. 1912ರಲ್ಲಿ ಮಿಲ್ವಾಕಿಯಲ್ಲಿ ವ್ಯಾಂಡರ್‌ಬಿಲ್ಟ್ ಕಪ್ ಅನ್ನುವ ದೊಡ್ಡ ರಸ್ತೆ ರೇಸು ಗೆದ್ದ. ಅದೇ ಊರಿನಲ್ಲಿ ಅದೇ ವಾರ ಗ್ರ್ಯಾಂಡ್ ಪ್ರೈಜ್ ರೇಸಿನ ಕೊನೆಯ ಸುತ್ತಿನಲ್ಲಿ ಕೇಲೆಬ್ ಬ್ರ್ಯಾಗ್‌ನನ್ನು ಬೆನ್ನಟ್ಟುವಾಗ ಕಾರು ಉರುಳಿ ತುಂಬಾ ಪೆಟ್ಟಾಯಿತು. ಆ ವರ್ಷವನ್ನು ಹೇಳಲು ಈ ಎರಡು ರೇಸು ಮತ್ತು ಮೇ 30 ಸಾಕು.

ದೊಡ್ಡ ದೊಡ್ಡ ಸಂಖ್ಯೆಗಳು

ಡಿ ಪಾಲ್ಮಾ 2,889 ರೇಸು ಓಡಿ 2,557 ಗೆದ್ದ ಅಂತ ಒಂದು ಲೆಕ್ಕ ಬಹಳ ಕಡೆ ಇದೆ. ಇಂಥದು ಕಂಡಾಗ ಭಾಗಾಕಾರ ಮಾಡಿ. ಅವನು ಸುಮಾರು ಇಪ್ಪತ್ತೈದು ವರ್ಷ ಓಡಿಸಿದ ಅಂದುಕೊಂಡರೂ ವರ್ಷಕ್ಕೆ ನೂರಕ್ಕೂ ಜಾಸ್ತಿ ರೇಸು ಆಗುತ್ತದೆ. ದೊಡ್ಡ ರೇಸು ವರ್ಷಕ್ಕೆ ಅಷ್ಟು ನಡೆಯುತ್ತಲೇ ಇರಲಿಲ್ಲ. ರಾಷ್ಟ್ರೀಯ ಮಟ್ಟದ ಅವನ ಗೆಲುವು ಇಪ್ಪತ್ತೈದರ ಆಸುಪಾಸು. ಉಳಿದದ್ದೆಲ್ಲ ರಾಜ್ಯದ ಮೇಳಗಳಲ್ಲಿ ಕುದುರೆ ಟ್ರ್ಯಾಕಿನ ಮೇಲೆ ನಡೆಯುತ್ತಿದ್ದ ಮೂರು ಮೈಲಿ, ಐದು ಮೈಲಿಯ ಓಟಗಳು, ಹೀಟ್‌ಗಳು, ಇಬ್ಬರ ನಡುವಿನ ಪಂದ್ಯಗಳು, ಪ್ರದರ್ಶನಗಳು ಸೇರಿದರೆ ಮಾತ್ರ ಲೆಕ್ಕ ಮುಟ್ಟೀತು. ಆ ಓಟಗಳನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಬೇರೆ ಹಾಳೆಯಲ್ಲಿ ಬರೆಯಿರಿ.

ಓಲ್ಡ್‌ಫೀಲ್ಡ್ ವಿಷಯದಲ್ಲಿ ಆ ಬೇರೆ ಹಾಳೆ ಇನ್ನೂ ದೊಡ್ಡದು. ಅವನು ಸೈಕಲ್ ರೇಸಿನಿಂದ ಬಂದವನು. 1902ರಲ್ಲಿ ಹೆನ್ರಿ ಫೋರ್ಡ್ ಕಟ್ಟಿಸಿದ 999 ಕಾರಿನಲ್ಲಿ ಅಲೆಕ್ಸಾಂಡರ್ ವಿಂಟನ್‌ನನ್ನು ಸೋಲಿಸಿ ಹೆಸರು ಮಾಡಿದ. ಆಮೇಲೆ ಊರೂರು ತಿರುಗಿ ಪ್ರದರ್ಶನ ಓಟ ನಡೆಸಿದ. ಅಲ್ಲಿ ಯಾರು ಗೆಲ್ಲಬೇಕು ಅನ್ನುವುದು ಎಷ್ಟೋ ಸಲ ಮೊದಲೇ ತೀರ್ಮಾನ ಆಗಿರುತ್ತಿತ್ತು. 1910ರಲ್ಲಿ ಬಾಕ್ಸಿಂಗ್ ಚಾಂಪಿಯನ್ ಜ್ಯಾಕ್ ಜಾನ್ಸನ್ ಜೊತೆ ಶೀಪ್ಸ್‌ಹೆಡ್ ಬೇಯಲ್ಲಿ ಪಂದ್ಯ ಓಡಿದ್ದಕ್ಕೆ ಎಎಎ ಅವನನ್ನು ಹೊರಗಿಟ್ಟಿತು. ಹಾಗಾಗಿ ಅಧಿಕೃತ ದಾಖಲೆಯಲ್ಲಿ ಖಾಲಿ ಜಾಗ ಕಂಡರೆ ಡ್ರೈವರ್ ಸುಮ್ಮನಿದ್ದ ಅಂತ ಅಲ್ಲ. ಅಮಾನತು, ಪೆಟ್ಟು, ಯುದ್ಧ, ಈ ಮೂರನ್ನು ಮೊದಲು ಹುಡುಕಿ. 1917 ಮತ್ತು 1918ರಲ್ಲಿ ಯುದ್ಧದಿಂದ ಇಂಡಿಯಾನಾಪೊಲಿಸ್ 500 ನಡೆಯಲೇ ಇಲ್ಲ.

ವೇಗವನ್ನು ನೀವೇ ಲೆಕ್ಕ ಹಾಕಿ

ಅಚ್ಚಿನ ತಪ್ಪು ಹಿಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಒಂದು ಮೈಲಿ ಓಟವಾದರೆ 3600ನ್ನು ಸೆಕೆಂಡಿನಿಂದ ಭಾಗಿಸಿ. 1903ರಲ್ಲಿ ಓಲ್ಡ್‌ಫೀಲ್ಡ್ ಇಂಡಿಯಾನಾಪೊಲಿಸ್‌ನ ಮೇಳದ ಮೈದಾನದಲ್ಲಿ ಒಂದು ಮೈಲಿಯನ್ನು 59.6 ಸೆಕೆಂಡಿನಲ್ಲಿ ಸುತ್ತಿದ. ಗಂಟೆಗೆ 60.4 ಮೈಲಿ ಬರುತ್ತದೆ, ನಿಮಿಷಕ್ಕೊಂದು ಮೈಲಿ ಅನ್ನುವ ಮಾತು ಸರಿ. 1919ರ ಫೆಬ್ರವರಿ 12ರಂದು ಡಿ ಪಾಲ್ಮಾ ಡೇಟೋನಾ ಬೀಚ್ ಮರಳಿನ ಮೇಲೆ 12 ಸಿಲಿಂಡರಿನ ಪ್ಯಾಕರ್ಡ್ ಓಡಿಸಿದ. 24.02 ಸೆಕೆಂಡ್. ಲೆಕ್ಕ ಹಾಕಿದರೆ 149.875, ಪುಸ್ತಕದಲ್ಲಿ ಇರುವುದೂ ಅದೇ. ಆದರೆ ಒಂದೇ ದಿಕ್ಕಿನ ಓಟ. ಯೂರೋಪಿನವರು ಹೋಗಿ ಬಂದ ಎರಡೂ ಓಟದ ಸರಾಸರಿ ಕೇಳುತ್ತಿದ್ದರು. ಅದಕ್ಕೇ ಅವರ ವಿಶ್ವದಾಖಲೆ ಪಟ್ಟಿಯಲ್ಲಿ ಈ ಓಟ ಇಲ್ಲ.

ಫೋಟೋ

ಲೈಬ್ರರಿ ಆಫ್ ಕಾಂಗ್ರೆಸ್‌ನ ಬೇನ್ ಸಂಗ್ರಹದಲ್ಲಿ ಈ ಕಾಲದ ರೇಸ್ ಫೋಟೋಗಳು ತುಂಬಾ ಇವೆ. ಕೆಳಗೆ ಬರೆದ ಹೆಸರನ್ನು ಹಾಗೇ ನಂಬಬೇಡಿ. ಕಾರಿನ ನಂಬರ್ ಓದಿ, ರೇಡಿಯೇಟರ್ ಆಕಾರ ನೋಡಿ, ನೆಲ ಇಟ್ಟಿಗೆಯೋ ಮಣ್ಣೋ ನೋಡಿ, ಪಕ್ಕದಲ್ಲಿ ಮೆಕ್ಯಾನಿಕ್ ಇದ್ದಾನೋ ನೋಡಿ. ನಂಬರ್ ರೇಸಿನಿಂದ ರೇಸಿಗೆ ಬದಲಾಗುತ್ತಿತ್ತು. ಡಿ ಪಾಲ್ಮಾನ ಮರ್ಸಿಡಿಸ್ 1912ರಲ್ಲಿ 4, 1915ರಲ್ಲಿ 2. ಎರಡೂ ಬೇರೆ ಬೇರೆ ಕಾರು.

ಬರೆಯುವಾಗ

ವರ್ಷದ ಪ್ರಕಾರ ಬರೆಯಿರಿ, ಆದರೆ ಎಲ್ಲ ವರ್ಷಕ್ಕೂ ಒಂದೇ ಅಳತೆ ಬೇಡ. ಡಿ ಪಾಲ್ಮಾಗೆ 1912, 1914, 1915, 1919ರಿಂದ 1921 ದೊಡ್ಡ ವರ್ಷಗಳು. 1921ರಲ್ಲಿ ಲೆ ಮಾನ್‌ನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಫ್ರೆಂಚರ ಬ್ಯಾಲೊ ಓಡಿಸಿ ಎರಡನೆಯವನಾದ. ಗೆದ್ದದ್ದು ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ಜಿಮ್ಮಿ ಮರ್ಫಿ. ಅದಾದ ಮೇಲಿನ ವರ್ಷಗಳನ್ನು ಬೇಗ ದಾಟಬಹುದು. ಅವನು 1956ರ ತನಕ ಬದುಕಿದ್ದ.

ಜನಪ್ರಿಯ ಕಥೆಗಳು ಬಂದಾಗ ಪರೀಕ್ಷೆ ಮಾಡಿ ಹಾಕಿ. 1914ರ ಫೆಬ್ರವರಿ 26ರ ವ್ಯಾಂಡರ್‌ಬಿಲ್ಟ್ ಕಪ್ ತೆಗೆದುಕೊಳ್ಳಿ. ಡಿ ಪಾಲ್ಮಾ ಅದಕ್ಕೂ ಮುಂಚೆ ಮರ್ಸರ್ ತಂಡದಲ್ಲಿದ್ದ. ಅವರು ಓಲ್ಡ್‌ಫೀಲ್ಡ್‌ನನ್ನು ಕರೆತಂದಾಗ ತಂಡ ಬಿಟ್ಟ. ಹಳೇ ಮರ್ಸಿಡಿಸ್ ಸಿದ್ಧ ಮಾಡಿಕೊಂಡು ಸಾಂಟಾ ಮೋನಿಕಾಗೆ ಬಂದ. ಕೊನೆಯ ಹೊತ್ತಿಗೆ ಇಬ್ಬರೂ ಒಬ್ಬರ ಹಿಂದೆ ಒಬ್ಬರು. ಡಿ ಪಾಲ್ಮಾ ಮುಂದಿನ ಸುತ್ತಿಗೆ ಪಿಟ್‌ಗೆ, ಅಂದರೆ ಟೈರ್ ಬದಲಾಯಿಸಲು ನಿಲ್ಲುವ ಜಾಗಕ್ಕೆ, ಬರುತ್ತೇನೆ ಅಂತ ಓಲ್ಡ್‌ಫೀಲ್ಡ್‌ಗೆ ಕಾಣುವ ಹಾಗೆ ಕೈ ಸನ್ನೆ ಮಾಡಿದ. ಅದನ್ನು ನೋಡಿ ಓಲ್ಡ್‌ಫೀಲ್ಡ್ ತನ್ನ ಟೈರ್ ಬದಲಾಯಿಸಲು ಒಳಗೆ ಬಂದ. ಡಿ ಪಾಲ್ಮಾ ನಿಲ್ಲದೆ ಹೋಗಿ ಗೆದ್ದ ಅಂತ ಕಥೆ. ಇದನ್ನು ಪರೀಕ್ಷಿಸುವುದು ಕಷ್ಟ ಇಲ್ಲ. ಇಬ್ಬರೂ ಯಾವ ಸುತ್ತಿಗೆ ಪಿಟ್‌ಗೆ ಬಂದರು ಅಂತ ಆ ವಾರದ ವರದಿಯಲ್ಲಿ ನೋಡಿ, ಸುತ್ತಿನ ಸಮಯಗಳನ್ನು ಪಕ್ಕ ಪಕ್ಕ ಬರೆಯಿರಿ. ಸನ್ನೆ ಯಾರ ಬಾಯಿಂದ ಮೊದಲು ಬಂತು, ಯಾವ ವರ್ಷ ಬಂತು ಅಂತಲೂ ಗುರುತು ಹಾಕಿ. ಪಿಟ್‌ಗೆ ಬಂದದ್ದು ದಾಖಲೆ, ಸನ್ನೆ ನೆನಪು. ಎರಡನ್ನೂ ಅವುಗಳ ಹೆಸರಿನಲ್ಲೇ ಬರೆದರೆ ಕಥೆಯ ರುಚಿ ಏನೂ ಕಡಿಮೆ ಆಗಲ್ಲ.

ಡಿ ಪಾಲ್ಮಾ ಆದ ಮೇಲೆ ಯಾರು ಅಂತ ಕೇಳಿದರೆ ಅರ್ಲ್ ಕೂಪರ್‌ನನ್ನು ತೆಗೆದುಕೊಳ್ಳಿ ಅನ್ನುತ್ತೇನೆ. ಸ್ಟಟ್ಜ್ ಕಾರಿನ ಡ್ರೈವರ್. 1913, 1915, 1917ರ ಚಾಂಪಿಯನ್ ಅಂತ ಪಟ್ಟಿಗಳಲ್ಲಿ ಇದೆ, ಮೂರೂ ಆಮೇಲೆ ಲೆಕ್ಕ ಹಾಕಿ ಕೊಟ್ಟ ಪಟ್ಟಗಳು. ಅವನ ಒಳ್ಳೆಯ ರೇಸುಗಳಲ್ಲಿ ಬಹಳಷ್ಟು ಪಶ್ಚಿಮ ಕರಾವಳಿಯ ರಸ್ತೆಗಳಲ್ಲಿ ನಡೆದವು. ಕ್ಯಾಲಿಫೋರ್ನಿಯಾದ ಪತ್ರಿಕಾ ಸಂಗ್ರಹ ತೆರೆದು 1913ರ ಸಾಂಟಾ ಮೋನಿಕಾ ಮತ್ತು ಕರೋನಾ ರೇಸುಗಳಿಂದ ಮೊದಲ ಎರಡು ಸಾಲು ತುಂಬಿ.